ನಗರಗಳ ಬಾಳಿಕೆ: ಧಾರವಾಡ ಸೀಮೆ

ಒಂದು ನಗರ ಜನವಸತಿಯಾಗಿ ಎಷ್ಟು ಕಾಲ ಉಳಿದೀತು ಎಂಬುದನ್ನು ಅದರ ನೆಲ, ನೀರು, ವ್ಯಾಪಾರ, ಆಡಳಿತ ಹಾಗೂ ಶ್ರದ್ಧಾಕೇಂದ್ರಗಳ ನೆಲೆಯಲ್ಲಿ ಅಂದಾಜು ಮಾಡಬಹುದು. ವಾರಾಣಸಿ, ಡಮಾಸ್ಕಸ್‌ಗಳು ಹಲವು ರಾಜ್ಯಗಳ ಅಳಿವನ್ನು ಕಂಡೂ ಜನರಿಂದ ತುಂಬಿವೆ. ಧಾರವಾಡ ಮತ್ತು ಅದರ ನೆರೆಯ ಸೀಮೆಯಲ್ಲಿ ಅಳಿದ, ಕುಗ್ಗಿದ, ಬೆಳೆದ ಮೂರು ಬಗೆಯ ಊರುಗಳೂ ಸಿಗುವುದರಿಂದ ಈ ವಿಚಾರಕ್ಕೆ ಇದು ಒಳ್ಳೆಯ ಉದಾಹರಣೆ.

ಇತಿಹಾಸದ ಸಾಕ್ಷ್ಯ: ಅಣ್ಣಿಗೇರಿ ಬೆಳ್ವೊಲ ನಾಡಿನ ಮುಖ್ಯ ಪಟ್ಟಣವಾಗಿತ್ತು. ಬಳಪದ ಕಲ್ಲಿನ ಅಮೃತೇಶ್ವರ ದೇವಾಲಯ ಇಲ್ಲಿ 1050ರ ಸುಮಾರಿಗೆ ಕಟ್ಟಲ್ಪಟ್ಟಿತು. ಕಲ್ಯಾಣ ಚಾಲುಕ್ಯರ ಕೊನೆಯ ಅರಸ ನಾಲ್ಕನೆಯ ಸೋಮೇಶ್ವರ 12ನೆಯ ಶತಮಾನದ ಕೊನೆಯಲ್ಲಿ ಇಲ್ಲಿಂದ ಆಳಿದ. ಅರಸೊತ್ತಿಗೆ ಹೋದರೂ ಎರೆಭೂಮಿ, ಗುಡಿಯ ಪೂಜೆ ಮತ್ತು ಮುಂದೆ ಬಂದ ಹುಬ್ಬಳ್ಳಿ–ಗದಗ ರೈಲು ಊರನ್ನು ಉಳಿಸಿದವು. ಟಂಕಸಾಲೆಯಿದ್ದ ಲಕ್ಕುಂಡಿ ಇಂದು ಹಳ್ಳಿ. ಕದಂಬರ ರಾಜಧಾನಿ ಬನವಾಸಿ ವರದಾ ನದಿಯ ದಂಡೆಯಲ್ಲಿ, ಮಧುಕೇಶ್ವರನ ಗುಡಿಯ ಸುತ್ತ ಸಣ್ಣ ಊರಾಗಿ ಬದುಕಿದೆ. 1565ರ ಯುದ್ಧದ ನಂತರ ಹಾಳಾದ ವಿಜಯನಗರದಲ್ಲೂ ವಿರೂಪಾಕ್ಷನ ಪೂಜೆ ನಿಂತಿಲ್ಲ. ಆದರೆ ಗುಡಿಯೊಂದೇ ಮಹಾನಗರವನ್ನು ಮರಳಿ ತರಲಿಲ್ಲ. ರಾಜಧಾನಿಯ ಪಟ್ಟವನ್ನು ಮಾತ್ರ ನೆಚ್ಚಿದ ಊರು ಪಟ್ಟದೊಂದಿಗೇ ಕುಗ್ಗುತ್ತದೆ.

ಹುಬ್ಬಳ್ಳಿ–ಧಾರವಾಡ: ಹುಬ್ಬಳ್ಳಿ ಬೆಳೆದದ್ದು ಹತ್ತಿಯ ವ್ಯಾಪಾರದಿಂದ, 19ನೆಯ ಶತಮಾನದ ಕೊನೆಗೆ ಬಂದ ರೈಲಿನಿಂದ. 1962ರಲ್ಲಿ ಎರಡೂ ಊರುಗಳು ಒಂದೇ ಮಹಾನಗರಪಾಲಿಕೆಯಾದವು. 2003ರಲ್ಲಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಗೆ ಬಂತು. 2011ರ ಜನಗಣತಿಯಲ್ಲಿ ಅವಳಿ ನಗರದ ಜನಸಂಖ್ಯೆ ಸುಮಾರು 9.4 ಲಕ್ಷ. ಸಮುದ್ರಮಟ್ಟಕ್ಕಿಂತ 600 ಮೀಟರಿಗೂ ಎತ್ತರದಲ್ಲಿರುವ ಈ ನಗರಕ್ಕೆ ಕಡಲೇರಿಕೆಯ ಭಯವಿಲ್ಲ. ಕೆಳಗಿರುವುದು ಧಾರವಾಡದ ಹೆಸರನ್ನೇ ಹೊತ್ತ, 250 ಕೋಟಿ ವರ್ಷಗಳಿಗೂ ಹಳೆಯ ಶಿಲಾಸ್ತೋಮ. ಭೂಫಲಕಗಳ ಅಂಚಿನಿಂದ ಅದು ದೂರವಿರುವುದರಿಂದ ಭೂಕಂಪದ ಭಯವೂ ಕಡಿಮೆ.

ಮುಖ್ಯ ಅಪಾಯ: ನೀರಿನ ಕೊರತೆಯೇ ಇಲ್ಲಿನ ದೊಡ್ಡ ಅಳುಕು. ಅವಳಿ ನಗರ ಎರಡು ಜಲಾನಯನಗಳ ನಡುವಿನ ದಿಬ್ಬದ ಮೇಲಿದೆ: ಬೇಡ್ತಿ ಪಶ್ಚಿಮಕ್ಕೆ ಅರಬ್ಬಿ ಸಮುದ್ರದತ್ತ, ಬೆಣ್ಣಿಹಳ್ಳ ಮಲಪ್ರಭೆಯ ಮೂಲಕ ಪೂರ್ವಕ್ಕೆ ಹರಿಯುತ್ತದೆ. ಬಳಿಯಲ್ಲಿ ದೊಡ್ಡ ನದಿಯಿಲ್ಲ. ಕುಡಿಯುವ ನೀರು ಬರುವುದು ನವಿಲುತೀರ್ಥದ ಮಲಪ್ರಭಾ ಜಲಾಶಯದಿಂದ ಮತ್ತು ಕಲಘಟಗಿ ತಾಲೂಕಿನಲ್ಲಿರುವ ನೀರಸಾಗರದಿಂದ. ಮಳೆ ಕೈಕೊಟ್ಟರೆ ಎರಡರಲ್ಲೂ ನೀರು ಕುಸಿಯುತ್ತದೆ. ಮಲಪ್ರಭೆಗೆ ಮಹದಾಯಿ ನದಿಯ ನೀರು ತಿರುಗಿಸುವ ಕಳಸಾ–ಬಂಡೂರಿ ಬೇಡಿಕೆಯ ಬೇರು ಇಲ್ಲಿದೆ. ನವಲಗುಂದದ ರೈತರು ಅದಕ್ಕಾಗಿ ದೀರ್ಘ ಹೋರಾಟ ನಡೆಸಿದ್ದಾರೆ. 2018ರಲ್ಲಿ ಮಹದಾಯಿ ನ್ಯಾಯಮಂಡಳಿ ಈ ಎರಡು ನಾಲೆಗಳಿಗೆ 3.9 ಟಿಎಂಸಿ ನೀರು ಹಂಚಿತು.

ದೂರದ ಭವಿಷ್ಯ: ಸಾವಿರ ವರ್ಷಗಳ ಲೆಕ್ಕದಲ್ಲಿ ಹುಬ್ಬಳ್ಳಿ ಉಳಿಯುವುದು ಸಾಧ್ಯ, ಆದರೆ ವ್ಯಾಪಾರದ ದಾರಿಗಳು ಬದಲಾದರೆ ಲಕ್ಕುಂಡಿಯ ಪಾಡು ಅದಕ್ಕೂ ಬರಬಹುದು. ಲಕ್ಷಾಂತರ ವರ್ಷಗಳ ಲೆಕ್ಕದಲ್ಲಿ ಯಾವ ಕಟ್ಟಡವೂ ನಿಲ್ಲದು. ಗಣಿಯ ಕುಳಿ, ಅಗೆದ ಗುಡ್ಡಗಳಂಥ ಗುರುತುಗಳು ಹೆಚ್ಚು ಬಾಳಿಕೆ ಬರುತ್ತವೆ. ಮನುಷ್ಯರ ಕಾಲಮಾನದಲ್ಲಿ ನಗರದ ಆಯುಷ್ಯ ಸುತ್ತಲ ಹಳ್ಳಿಗಳ ಕೆರೆ, ಹಳ್ಳ, ಹೊಲಗಳ ಆರೋಗ್ಯಕ್ಕೆ ಕಟ್ಟುಬಿದ್ದಿದೆ.