ಇಪ್ಪತ್ತನಾಲ್ಕು ಮಂದಿಯ ಸಭೆ: ಕೊಡಗು ವಿಧಾನಸಭೆ 1952-56

ಕೆಲವು ತಿಂಗಳ ಹಿಂದೆ ನಮ್ಮ ಮಸೀದಿಯ ವಕ್ಫ್ ದಾಖಲೆಗಳನ್ನು ಸರಿಪಡಿಸುವ ಕೆಲಸ ನಡೆಯುತ್ತಿತ್ತು. ಹಳೆಯ ಕಬ್ಬಿಣದ ಪೆಟ್ಟಿಗೆ ತೆರೆದು ಕಾಗದಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಾಗ 1954ರ ಒಂದು ಪತ್ರ ಸಿಕ್ಕಿತು. ಅದರ ತಲೆಯಲ್ಲಿ ಮೈಸೂರು ಎಂದೂ ಇರಲಿಲ್ಲ, ಕರ್ನಾಟಕ ಎಂದೂ ಇರಲಿಲ್ಲ. ಕೂರ್ಗ್ ಎಂದಷ್ಟೇ ಇತ್ತು. ಜಮಾಅತಿನ ಕಾರ್ಯದರ್ಶಿ ಇನ್ನೂ ಯುವಕ, ಬಿ.ಕಾಂ. ಓದಿದವನು. "ಉಸ್ತಾದ್, ಇದು ಯಾವ ರಾಜ್ಯದ ಕಾಗದ?" ಎಂದು ಕೇಳಿದ. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ನಕ್ಕರು. "ನಮ್ಮದೇ ರಾಜ್ಯ ಮೋನೇ. ನಮಗೂ ಒಬ್ಬ ಮುಖ್ಯಮಂತ್ರಿ ಇದ್ದರು" ಎಂದರು.

ಹುಡುಗ ನಂಬಲಿಲ್ಲ. ಅವನ ತಪ್ಪೇನೂ ಇಲ್ಲ. ಶಾಲೆಯಲ್ಲಿ ಕೊಡಗಿನ ರಾಜರ ಕಥೆ ಓದುತ್ತೇವೆ, 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜನನ್ನು ಇಳಿಸಿದ್ದನ್ನು ಓದುತ್ತೇವೆ, ಅಲ್ಲಿಂದ ನೇರವಾಗಿ ಕರ್ನಾಟಕ ಏಕೀಕರಣಕ್ಕೆ ಹಾರುತ್ತೇವೆ. ನಡುವಿನ ನಾಲ್ಕೂವರೆ ವರ್ಷ ಯಾರ ಬಾಯಲ್ಲೂ ಬರುವುದಿಲ್ಲ. ಈ ತಿಂಗಳು ಆ ವರ್ಷಗಳ ಬಗ್ಗೆ ಬರೆಯೋಣ ಎನಿಸಿತು.

ಬ್ರಿಟಿಷರ ಕಾಲದಲ್ಲಿ ಕೊಡಗನ್ನು ಆಳುತ್ತಿದ್ದವರು ಚೀಫ್ ಕಮಿಷನರ್. ಬಹುಕಾಲ ಬೆಂಗಳೂರಿನಲ್ಲಿದ್ದ ಮೈಸೂರಿನ ರೆಸಿಡೆಂಟರೇ ಈ ಹುದ್ದೆಯನ್ನೂ ನೋಡಿಕೊಳ್ಳುತ್ತಿದ್ದರು. 1924ರಲ್ಲಿ ಕೊಡಗಿಗೆ ಒಂದು ಶಾಸನ ಪರಿಷತ್ತು ಬಂತು. ಅದರಲ್ಲಿ ಇಪ್ಪತ್ತು ಸದಸ್ಯರು, ಹದಿನೈದು ಮಂದಿ ಆಯ್ಕೆಯಾದವರು, ಐವರು ನಾಮಕರಣಗೊಂಡವರು. ಮತ ಇದ್ದದ್ದು ಆಸ್ತಿ ಇದ್ದವರಿಗೆ, ಕಂದಾಯ ಕಟ್ಟುವವರಿಗೆ. ಮತದಾರರನ್ನೂ ಜಮ್ಮಾ ರೈತರು, ಜಮ್ಮಾ ಅಲ್ಲದವರು, ಯುರೋಪಿಯನ್ ತೋಟದ ಮಾಲೀಕರು ಎಂದು ಬೇರೆ ಬೇರೆ ಮಾಡಿದ್ದರು. ಜಮ್ಮಾ ಎಂದರೆ ಏನೆಂದು ಕೊಡಗಿನವರಿಗೆ ಹೇಳಬೇಕಿಲ್ಲ. ಹೊರಗಿನ ಓದುಗರಿಗಾಗಿ ಹೇಳುವುದಾದರೆ, ರಾಜರ ಕಾಲದಲ್ಲಿ ಸೈನ್ಯದ ಸೇವೆಗೆ ಬದಲಾಗಿ ಮನೆತನಗಳಿಗೆ ವಂಶಪಾರಂಪರ್ಯವಾಗಿ ಕೊಟ್ಟ ಭೂಮಿ. ನಮ್ಮವರಲ್ಲಿಯೂ ಕೆಲವು ಮಾಪಿಳ್ಳೆ ಮನೆತನಗಳಿಗೆ ಜಮ್ಮಾ ಭೂಮಿಯೂ ಮನೆಹೆಸರೂ ಇವೆ. ಆದರೆ ಘಟ್ಟ ಹತ್ತಿ ಬಂದು ಸಂತೆಯಲ್ಲಿ ವ್ಯಾಪಾರ ಮಾಡಿದವರು, ತೋಟಗಳಲ್ಲಿ ಕೂಲಿ ಮಾಡಿದವರು, ಮರದ ಕೆಲಸ ಮಾಡಿದವರು ಬಹಳ ಮಂದಿ. ಭೂಮಿಯ ಲೆಕ್ಕದ ಆ ಮತದಾರರ ಪಟ್ಟಿಯಲ್ಲಿ ಅವರಿಗೆ ಜಾಗ ಇರಲಿಲ್ಲ. ಲೈನ್ ಮನೆಗಳಲ್ಲಿದ್ದ ಎಲ್ಲ ಜಾತಿ ಧರ್ಮಗಳ ಕೂಲಿಕಾರರ ಸ್ಥಿತಿಯೂ ಅದೇ.

ಸ್ವಾತಂತ್ರ್ಯ ಬಂದ ಮೇಲೂ ಈ ಪರಿಷತ್ತು ತಕ್ಷಣ ಹೋಗಲಿಲ್ಲ. ನಮ್ಮ ಸಂವಿಧಾನ 1950ರಲ್ಲಿ ಜಾರಿಗೆ ಬಂದಾಗ ಅದರ 242ನೇ ವಿಧಿ ಕೊಡಗಿನ ಹೆಸರಿನಲ್ಲೇ ಇತ್ತು. ಸಂಸತ್ತು ಬೇರೆ ಕಾನೂನು ಮಾಡುವ ತನಕ ಕೊಡಗಿನ ಶಾಸನ ಪರಿಷತ್ತು ಹಿಂದಿನಂತೆಯೇ ಮುಂದುವರಿಯಲಿ ಎಂಬುದು ಅದರ ತಾತ್ಪರ್ಯ. ಇಷ್ಟು ಸಣ್ಣ ಸೀಮೆಯ ಹೆಸರಿನಲ್ಲಿ ಸಂವಿಧಾನದ ಒಂದು ವಿಧಿ! ಈಗ ಸಂವಿಧಾನದ ಪುಸ್ತಕ ತೆರೆದರೆ ಆ ಸಂಖ್ಯೆಯ ಎದುರು 'ರದ್ದಾಗಿದೆ' ಎಂದಷ್ಟೇ ಇರುತ್ತದೆ.

ಸಂವಿಧಾನವು ರಾಜ್ಯಗಳನ್ನು ಎ, ಬಿ, ಸಿ ಎಂದು ದರ್ಜೆ ಮಾಡಿತ್ತು. ಕೊಡಗು 'ಸಿ' ದರ್ಜೆಯ ರಾಜ್ಯ. 1951ರಲ್ಲಿ ಸಂಸತ್ತು ಒಂದು ಕಾನೂನು ಮಾಡಿ ಇಂಥ ಆರು ರಾಜ್ಯಗಳಿಗೆ ವಿಧಾನಸಭೆ ಕೊಟ್ಟಿತು. ವಿಂಧ್ಯ ಪ್ರದೇಶಕ್ಕೆ 60 ಸ್ಥಾನ, ದೆಹಲಿಗೆ 48, ಹಿಮಾಚಲ ಪ್ರದೇಶಕ್ಕೆ 36, ಅಜ್ಮೀರ್ ಮತ್ತು ಭೋಪಾಲಕ್ಕೆ ತಲಾ 30, ಕೊಡಗಿಗೆ 24. ಆರರಲ್ಲಿ ಅತಿ ಚಿಕ್ಕದು ನಮ್ಮದು. ಲೋಕಸಭೆಗೆ ಕೊಡಗಿನಿಂದ ಒಬ್ಬರೇ ಸದಸ್ಯರು, ಎನ್. ಸೋಮಣ್ಣ. ರಾಜ್ಯಸಭೆಯ ವಿಷಯ ಕೇಳಿದರೆ ನಮ್ಮ ಮನೆಗಳಲ್ಲಿ ಎಲ್ಲರೂ ಕಿವಿ ನೆಟ್ಟಗೆ ಮಾಡುತ್ತಾರೆ. ಕೊಡಗಿಗೂ ಅಜ್ಮೀರಿಗೂ ಸೇರಿಸಿ ಒಂದೇ ಸ್ಥಾನ ಕೊಟ್ಟಿದ್ದರು. ಖ್ವಾಜಾ ಗರೀಬ್ ನವಾಝರ ಊರಿಗೂ ಎಮ್ಮೆಮಾಡು ಉರೂಸಿನ ನಾಡಿಗೂ ದೆಹಲಿಯಲ್ಲಿ ಒಂದೇ ಕುರ್ಚಿ. ಎರಡೂ ಸಣ್ಣ 'ಸಿ' ರಾಜ್ಯಗಳು, ಅಷ್ಟೇ ಕಾರಣ. ಆದರೂ ಕೇಳಲು ಚೆನ್ನಾಗಿದೆ.

ಚುನಾವಣೆ ನಡೆದದ್ದು ದೇಶದ ಮೊದಲ ಮಹಾಚುನಾವಣೆಯ ಜೊತೆಗೆ. ಇಪ್ಪತ್ತೊಂದು ವರ್ಷ ತುಂಬಿದ ಪ್ರತಿಯೊಬ್ಬ ಗಂಡಸಿಗೂ ಹೆಂಗಸಿಗೂ ಮತ. ಆಗ ಈಗಿನಂತೆ ಒಂದೇ ಚೀಟಿಯಲ್ಲಿ ಎಲ್ಲ ಹೆಸರುಗಳು ಇರಲಿಲ್ಲ. ಪ್ರತಿ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಅವರ ಚಿಹ್ನೆ. ಮತದಾರ ತನಗೆ ಬೇಕಾದ ಪೆಟ್ಟಿಗೆಯಲ್ಲಿ ಚೀಟಿ ಹಾಕಿ ಬರಬೇಕು. ಓದು ಬಾರದವರಿಗೂ ಸುಲಭ. ಹೆಂಗಸರ ವಿಷಯದಲ್ಲಿ ಒಂದು ಸಂಗತಿ ಇಲ್ಲಿ ಹೇಳಲೇಬೇಕು. ಪಟ್ಟಿ ಮಾಡುವವರು ಮನೆಗೆ ಬಂದಾಗ ಸ್ವಂತ ಹೆಸರು ಹೇಳದೆ 'ಇಂಥವರ ಹೆಂಡತಿ', 'ಇಂಥವರ ತಾಯಿ' ಎಂದು ಮಾತ್ರ ಬರೆಸಿದ ಸುಮಾರು 28 ಲಕ್ಷ ಮಹಿಳೆಯರ ಹೆಸರುಗಳು ದೇಶದಲ್ಲಿ ಪಟ್ಟಿಯಿಂದ ಬಿಟ್ಟುಹೋದವು. ಹೆಚ್ಚಿನವರು ಉತ್ತರದ ರಾಜ್ಯಗಳವರು. ಈಗಲೂ ನಿಕಾಹ್ ದಫ್ತರಿನಲ್ಲಿ ವಧುವಿನ ತಾಯಿಯ ಹೆಸರು ಕೇಳಿದರೆ ಕೆಲವರು ತಡವರಿಸುವುದನ್ನು ನೋಡುತ್ತೇನೆ. ಅದಕ್ಕೇ ಇದು ನೆನಪಾಯಿತು.

ಮುಸ್ಲಿಮರಿಗೆ ಪ್ರತ್ಯೇಕ ಸ್ಥಾನಗಳಿರಲಿಲ್ಲ. 1949ರ ಮೇ ತಿಂಗಳಲ್ಲಿ ಸಂವಿಧಾನ ಸಭೆ ಆ ವಿಷಯ ತೀರ್ಮಾನಿಸಿಬಿಟ್ಟಿತ್ತು. ಅಲ್ಲಿ ನಮ್ಮವರೇ ಎರಡು ಪಾಳಯವಾಗಿದ್ದರು. ಮದ್ರಾಸಿನ ಮುಹಮ್ಮದ್ ಇಸ್ಮಾಯಿಲ್ ಸಾಹಿಬ್, ಮಲಬಾರಿನ ಬಿ. ಪೋಕರ್ ಸಾಹಿಬ್ ಪ್ರತ್ಯೇಕ ಮತದಾರ ವ್ಯವಸ್ಥೆ ಬೇಕೆಂದರು. ಬೇಗಂ ಐಝಾಝ್ ರಸೂಲ್ ಬೇಡವೆಂದರು. ನೆರೆಯವರಿಂದ ಬೇರೆಯಾಗಿ ಮತ ಹಾಕಿದರೆ ನೆರೆಯವರಿಗೆ ನಮ್ಮ ಅಗತ್ಯವೇ ಇರುವುದಿಲ್ಲ ಎಂಬುದು ಬೇಡವೆಂದವರ ವಾದದ ಒಟ್ಟು ಸಾರ. ಆ ಸಭೆಯಲ್ಲಿ ಕೊಡಗಿನ ಪರವಾಗಿ ಕುಳಿತಿದ್ದ ಏಕೈಕ ಸದಸ್ಯರು ಚೆಪ್ಪುಡೀರ ಎಂ. ಪೂಣಚ್ಚ. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೆ ಹೋಗಿ ಬಂದವರು.

1952ರ ಚುನಾವಣೆ ನಿಂತದ್ದು ಒಂದೇ ಪ್ರಶ್ನೆಯ ಮೇಲೆ. ಕೊಡಗು ಹೀಗೆಯೇ ಪ್ರತ್ಯೇಕವಾಗಿ ಇರಬೇಕೋ, ಕನ್ನಡ ನಾಡಿನೊಂದಿಗೆ ಸೇರಬೇಕೋ? ಪೂಣಚ್ಚನವರ ಕಾಂಗ್ರೆಸ್ ಸೇರಬೇಕು ಎಂದಿತು. ಬೇಡ ಎಂದವರ ಮುಂದಾಳು ಪಂದ್ಯಂಡ ಬೆಳ್ಯಪ್ಪ. ಅವರೂ ಗಾಂಧಿವಾದಿ. ಅಂದರೆ ಒಂದೇ ಹೋರಾಟದಿಂದ ಬಂದ ಇಬ್ಬರು ಎದುರುಬದುರಾಗಿದ್ದರು. ಬೆಳ್ಯಪ್ಪನವರ ಗುಂಪಿನ ಚಿಹ್ನೆ ತಕ್ಕಡಿ. ಚುನಾವಣಾ ಲೆಕ್ಕದಲ್ಲಿ ಅವರು ಪಕ್ಷೇತರರು, ಜನರ ಬಾಯಲ್ಲಿ 'ತಕ್ಕಡಿ ಪಕ್ಷ'. ಆ ದಿನ ನಕ್ಕ ಹಿರಿಯರಿಗೆ ಪಕ್ಷಗಳ ಸಿದ್ಧಾಂತ ಯಾವುದೂ ನೆನಪಿಲ್ಲ. ಆಗ ಅವರು ಚಿಕ್ಕ ಹುಡುಗ. ಆದರೆ ಅಂಗಡಿಯಲ್ಲಿ ತಕ್ಕಡಿ ಹಿಡಿದಿದ್ದ ತಮ್ಮ ಉಪ್ಪಾಗೆ ಗಿರಾಕಿಗಳು "ಏನು ಕಾಕಾ, ನೀವೂ ತಕ್ಕಡಿಯೋ?" ಎಂದು ತಮಾಷೆ ಮಾಡುತ್ತಿದ್ದದ್ದು ನೆನಪಿದೆಯಂತೆ.

ಫಲಿತಾಂಶ ಬಂದಾಗ ಕಾಂಗ್ರೆಸ್ಸಿಗೆ 15, ಉಳಿದ 9 ತಕ್ಕಡಿಯವರಿಗೆ. ಮಾರ್ಚ್ 27ರಂದು ಪೂಣಚ್ಚ ಮುಖ್ಯಮಂತ್ರಿಯಾದರು. ಮಂತ್ರಿಮಂಡಲ ಎಂದರೆ ಅವರು ಮತ್ತು ಕೆ. ಮಲ್ಲಪ್ಪ, ಇಬ್ಬರೇ. ನಮ್ಮ ಕೆಲವು ಜಮಾಅತ್ ಕಮಿಟಿಗಳಲ್ಲಿ ಉಪಾಧ್ಯಕ್ಷರೇ ಮೂವರು ಇರುತ್ತಾರೆ!

ಈ ಸರ್ಕಾರದ ಕೈಯಲ್ಲಿ ಎಷ್ಟು ಅಧಿಕಾರವಿತ್ತು? ಹೆಸರಿಗಿದ್ದಷ್ಟು ಇರಲಿಲ್ಲ. ಮೇಲೆ ಚೀಫ್ ಕಮಿಷನರ್ ದಯಾಸಿಂಗ್ ಬೇಡಿ ಇದ್ದರು. ಅವರು ಹಾಜರಿದ್ದರೆ ಮಂತ್ರಿಮಂಡಲದ ಸಭೆಗೆ ಅವರದೇ ಅಧ್ಯಕ್ಷತೆ. ಮಂತ್ರಿಗಳಿಗೂ ಅವರಿಗೂ ಅಭಿಪ್ರಾಯಭೇದ ಬಂದರೆ ವಿಷಯ ರಾಷ್ಟ್ರಪತಿಗೆ ಹೋಗಬೇಕು. ವಿಧಾನಸಭೆ ಒಪ್ಪಿದ ಮಸೂದೆಯೂ ರಾಷ್ಟ್ರಪತಿಯ ಅಂಗೀಕಾರಕ್ಕೆ ದೆಹಲಿಗೆ ಹೋಗಿ ಬರಬೇಕು. ಮಡಿಕೇರಿಯ ಮಳೆಯಲ್ಲಿ ಕುಳಿತು 24 ಮಂದಿ ಚರ್ಚಿಸಿದ ಕಾನೂನಿಗೆ ಕೊನೆಯ ಸಹಿ ಅಷ್ಟು ದೂರದಲ್ಲಿ ಬೀಳುತ್ತಿತ್ತು.

ಆದರೂ ಆ ಸಭೆ ಸುಮ್ಮನೆ ಕೂತಿರಲಿಲ್ಲ. ಎರಡು ಕಾನೂನುಗಳನ್ನು ಹೆಸರಿಸುತ್ತೇನೆ, ಎರಡೂ ಕೊನೆಯ ವರ್ಷದವು. 1956ರ ಕೊಡಗು ಪಂಚಾಯತ್ ರಾಜ್ ಕಾಯಿದೆ ಒಂದು. ಮೈಸೂರು ರಾಜ್ಯವು 1959ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಪಂಚಾಯತ್ ಕಾನೂನು ಮಾಡಿದಾಗ ಅದು ಕೊನೆಗೊಂಡಿತು. ಇನ್ನೊಂದು, ಅದೇ ವರ್ಷದ ದೇವಸ್ಥಾನ ನಿಧಿಗಳ ಆಡಳಿತದ ಕಾಯಿದೆ. ಇದರ ಆಯಸ್ಸು ನೋಡಿ. ರಾಜ್ಯ ಹೋಯಿತು, ಸಭೆ ಹೋಯಿತು, ಕಾಯಿದೆ ಮಾತ್ರ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಉಳಿಯಿತು. 1997ರಲ್ಲಿ ಕರ್ನಾಟಕ ಒಪ್ಪಿದ ಧಾರ್ಮಿಕ ಸಂಸ್ಥೆಗಳ ಏಕರೂಪದ ಕಾನೂನು ಜಾರಿಗೆ ಬಂದಾಗಲೇ ಅದು ರದ್ದಾದದ್ದು. ಮಸೀದಿಗಳ ಆಸ್ತಿಗೆ ಸಂಬಂಧಿಸಿದ ಕಾನೂನು ಮಡಿಕೇರಿಯಲ್ಲಿ ಆಗಲಿಲ್ಲ, ಅದನ್ನು ಮಾಡಿದ್ದು ಸಂಸತ್ತು, 1954ರ ವಕ್ಫ್ ಕಾಯಿದೆಯ ರೂಪದಲ್ಲಿ. ಪೆಟ್ಟಿಗೆಯಲ್ಲಿ ಸಿಕ್ಕ ನಮ್ಮ ಪತ್ರವೂ ಅದೇ ವರ್ಷದ್ದು.

ಇಷ್ಟರಲ್ಲಿ ದೊಡ್ಡ ಪ್ರಶ್ನೆ ಮೇಲೆದ್ದಿತು. 1953ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ಅಧ್ಯಕ್ಷರು ಸುಪ್ರೀಂ ಕೋರ್ಟಿನ ನ್ಯಾಯಾಧೀಶರಾಗಿದ್ದ ಸಯ್ಯದ್ ಫಝ್ಲ್ ಅಲಿ. ಜೊತೆಗೆ ಎಚ್.ಎನ್. ಕುಂಜ್ರು, ಕೆ.ಎಂ. ಪಣಿಕ್ಕರ್. 1955ರ ಸೆಪ್ಟೆಂಬರ್ 30ರಂದು ವರದಿ ಕೊಟ್ಟರು. ಇಷ್ಟು ಸಣ್ಣ ರಾಜ್ಯಗಳು ಪ್ರತ್ಯೇಕವಾಗಿ ನಿಲ್ಲಲಾರವು, ಕೊಡಗು ಕನ್ನಡ ರಾಜ್ಯದಲ್ಲಿ ಸೇರಲಿ ಎಂದರು.

ನನ್ನ ಗಮನ ನಿಲ್ಲುವುದು ಇಲ್ಲಿ. ಪೂಣಚ್ಚನವರಿಗೂ ಅವರ ಹದಿನೈದು ಮಂದಿಗೂ ಆಗ ಅಧಿಕಾರವಿತ್ತು. ಕುರ್ಚಿಯ ರುಚಿ ಕಂಡವರು ಮಾತು ಬದಲಿಸುವುದು ಲೋಕರೂಢಿ. 'ಈಗ ಕಾಲ ಸರಿಯಿಲ್ಲ' ಎಂದು ತಳ್ಳಿಹಾಕಬಹುದಿತ್ತು. ಮತ ಕೇಳುವಾಗ ಹೇಳಿದ್ದನ್ನೇ ಅಧಿಕಾರ ಬಂದ ಮೇಲೂ ಹಿಡಿದರು. ತಮ್ಮ ಸಭೆ, ತಮ್ಮ ಮಂತ್ರಿಗಿರಿ, ತಮ್ಮ ರಾಜ್ಯದ ಹೆಸರು ಎಲ್ಲವೂ ಇಲ್ಲವಾಗುವ ಕಡೆಗೇ ನಡೆದರು. ಪೂಣಚ್ಚ ಆಮೇಲೆ ಕೇಂದ್ರದಲ್ಲಿ ರೈಲ್ವೆ ಮಂತ್ರಿಯಾದರು, ಮಧ್ಯಪ್ರದೇಶ ಮತ್ತು ಒಡಿಶಾದ ರಾಜ್ಯಪಾಲರಾದರು, ಆದ್ದರಿಂದ ಅವರಿಗೇನೂ ನಷ್ಟವಾಗಲಿಲ್ಲ ಎನ್ನುವವರಿದ್ದಾರೆ. ಇರಬಹುದು. 1956ರಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು ಕಡೆಯ ಒಂಬತ್ತು ಮಂದಿಯ ಭಯವನ್ನೂ ಹಗುರವಾಗಿ ನೋಡಬಾರದು. ದೊಡ್ಡ ರಾಜ್ಯದಲ್ಲಿ ನಮ್ಮ ಮಾತು ಯಾರು ಕೇಳುತ್ತಾರೆ ಎಂಬುದು ಅವರ ಪ್ರಶ್ನೆ. 1951ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ ಸುಮಾರು 2.29 ಲಕ್ಷ. 24 ಸದಸ್ಯರೆಂದರೆ ಒಬ್ಬೊಬ್ಬರಿಗೆ ಒಂಬತ್ತೂವರೆ ಸಾವಿರ ಜನ. ಒಂದು ದೊಡ್ಡ ಉರೂಸಿಗೆ ಸೇರುವಷ್ಟು ಮಂದಿ! ಶಾಸಕರಿಗೆ ಮತದಾರರ ಮನೆ ಗೊತ್ತಿರುತ್ತಿತ್ತು, ಮತದಾರರಿಗೆ ಶಾಸಕರ ಮನೆ ಗೊತ್ತಿರುತ್ತಿತ್ತು. ವಿಲೀನದ ನಂತರ ಬಹುಕಾಲ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂದು ಮೂರು ಸ್ಥಾನಗಳಿದ್ದವು. 2008ರಿಂದ ಎರಡೇ. 2011ರ ಜನಗಣತಿಯ 5.54 ಲಕ್ಷ ಜನರನ್ನು ಇಬ್ಬರಿಗೆ ಹಂಚಿದರೆ ತಲಾ 2.77 ಲಕ್ಷ. ಅಂದಿನ ಇಡೀ ರಾಜ್ಯಕ್ಕಿಂತ ಹೆಚ್ಚು ಜನ ಇಂದು ಒಬ್ಬ ಶಾಸಕರ ಪಾಲಿಗೆ! ವಿಲೀನ ಆಗಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ಮಕ್ಕಳನ್ನು ಓದಿಸಲು ಮೈಸೂರು, ಮಂಗಳೂರು, ಬೆಂಗಳೂರಿಗೆ ಕಳಿಸುವ ನಾವು, ಕನ್ನಡದಲ್ಲೇ ಈ ಪತ್ರಿಕೆ ಓದುವ ನಾವು ಹಾಗೆ ಹೇಳುವುದು ಕಷ್ಟ. ಆದರೆ ಒಂಬತ್ತು ಮಂದಿ ಹೇಳಿದ್ದರಲ್ಲಿ ನಿಜವಿತ್ತು, ಸೋತವರ ಮಾತಿನಲ್ಲೂ ನಿಜ ಇರುತ್ತದೆ.

1956ರ ಅಕ್ಟೋಬರ್ 31ಕ್ಕೆ ಕೊಡಗು ರಾಜ್ಯ ಮುಗಿಯಿತು. ನವೆಂಬರ್ 1ರಂದು ಅದು ಮೈಸೂರು ರಾಜ್ಯದ ಒಂದು ಜಿಲ್ಲೆ. ಅದೇ ದಿನ ಮದ್ರಾಸ್ ರಾಜ್ಯದಲ್ಲಿದ್ದ ಮಲಬಾರ್ ಕೇರಳಕ್ಕೆ ಹೋಯಿತು, ದಕ್ಷಿಣ ಕನ್ನಡದಲ್ಲಿದ್ದ ಕಾಸರಗೋಡೂ ಕೇರಳಕ್ಕೆ ಹೋಯಿತು. ನಮ್ಮ ಎಷ್ಟೋ ಮನೆಗಳಲ್ಲಿ ಸೊಸೆ ತಲಶ್ಶೇರಿಯವಳು, ಅಳಿಯ ಕಾಸರಗೋಡಿನವನು. ಮಾಕುಟ್ಟದ ಕಾಡುದಾರಿಯಲ್ಲಿ ಹೋಗಿ ಬರುವುದು ನಿಲ್ಲಲಿಲ್ಲ, ಆದರೆ ಒಂದೇ ಕುಟುಂಬದ ಮಕ್ಕಳು ಇಲ್ಲಿ ಕನ್ನಡ ಶಾಲೆಗೆ, ಅಲ್ಲಿ ಮಲಯಾಳಂ ಶಾಲೆಗೆ ಎಂದಾದರು. ಮನೆಯೊಳಗೆ ಮಾಪಿಳ್ಳೆ ಮಾತು, ಬ್ಯಾರಿ ಮಾತು, ಕೊಡವ ಮಾತು ಏನಿದ್ದರೂ ಅರ್ಜಿ ಬರೆಯುವ ಭಾಷೆ ಕನ್ನಡವಾಯಿತು.

ಕಾರ್ಯದರ್ಶಿಗೆ ಇಷ್ಟನ್ನೂ ಹೇಳುವಷ್ಟರಲ್ಲಿ ಅಸರ್ ಬಾಂಗಿನ ಸಮಯವಾಗಿತ್ತು. ಅವನ ಕೈಯಲ್ಲಿದ್ದ ಅರ್ಜಿಯಲ್ಲಿ 'ರಾಜ್ಯ' ಎಂಬ ಕಾಲಂ ಇನ್ನೂ ಖಾಲಿ ಇತ್ತು. "ಕರ್ನಾಟಕ ಎಂದು ಬರೆ. ಪತ್ರದ ನಕಲನ್ನು ಮಾತ್ರ ತಲೆಬರಹ ಕತ್ತರಿಸದೆ ಪೂರ್ತಿ ತೆಗೆಸು" ಎಂದೆ. ಹಿರಿಯರು ಕಾಗದವನ್ನು ಇನ್ನೊಮ್ಮೆ ಕೇಳಿ ಪಡೆದು, ಕನ್ನಡಕ ಹಾಕಿಕೊಂಡು, ತಾರೀಖಿನ ಕೆಳಗಿದ್ದ ಸಹಿ ತಮ್ಮ ಉಪ್ಪಾನದೇ ಇರಬಹುದೇ ಎಂದು ಹುಡುಕತೊಡಗಿದರು.