ಸ್ವಯಂ ಪರಿಷ್ಕರಣದ ಪೂರ್ವೋತ್ತರ

ಬೆಲ್ಲದ ಬಾಗೇವಾಡಿಯನ್ನೊಳಗೊಂಡ ಹುಕ್ಕೇರಿ ಸೀಮೆಗೆ ವಿದ್ಯುತ್ತನ್ನು ಹಂಚುವ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವು ಸ್ಥಾಪಿತವಾದುದು 1969ರಲ್ಲಿ. ಅದೇ ವರ್ಷ ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಮ್ಸನ್ ಅವರು ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ರಚನೆಗೆ ತೊಡಗಿದರು. ಈ ಕಾಲಸಾಮ್ಯ ಆಕಸ್ಮಿಕವೇ ಸರಿ. ಆದರೆ ಯುನಿಕ್ಸಿನ ಮಾದರಿಯಲ್ಲಿ ಲೀನಸ್ ಟೋರ್ವಾಲ್ಡ್ಸ್ ಅವರು 1991ರಲ್ಲಿ ಆರಂಭಿಸಿದ ಲಿನಕ್ಸು, ಸಹಕಾರಿ ಸಂಘದ ದೀಪದಂತೆಯೇ ಹಲವರು ಕೂಡಿ ಪೋಷಿಸಿದ ಸೊತ್ತಾಗಿ ಬೆಳೆದುದರಿಂದ, ಅದರ ದುರಸ್ತಿಯು ಮನೆಮನೆಯ ಯಂತ್ರಕ್ಕೆ ತಲುಪಿದ ಬಗೆ ಈ ಸೀಮೆಯವರಿಗೆ ಅಪರಿಚಿತವೆನಿಸಲಾರದು.

ಲ್ಯಾರಿ ವಾಲ್ ಅವರು 1985ರಲ್ಲಿ ಹೊರತಂದ 'ಪ್ಯಾಚ್' ಎಂಬ ಸಾಧನವು, ಬದಲಾದ ಸಾಲುಗಳನ್ನಷ್ಟೇ ಕಳುಹಿಸಿ ಮೂಲವನ್ನು ತಿದ್ದುವ ಸೌಕರ್ಯವನ್ನು ಕಲ್ಪಿಸಿತಾದರೂ, ಅದನ್ನು ಹೊಂದಿಸುವವನು ಬಲ್ಲವನೇ ಆಗಿರಬೇಕಿತ್ತು. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಎಂಬ ಲಿನಕ್ಸ್ ಬಳಗವು 1999ರ ಆವೃತ್ತಿಯಲ್ಲಿ 'ಆಪ್ಟ್' ಎಂಬುದನ್ನು ಕೊಟ್ಟ ಮೇಲೆ, ಒಂದು ತಂತ್ರಾಂಶ ಮತ್ತೊಂದನ್ನು ಅವಲಂಬಿಸಿರುವ ತೊಡಕನ್ನು ಯಂತ್ರವೇ ಬಿಡಿಸಿಕೊಳ್ಳತೊಡಗಿತು. 2007ರ ಆವೃತ್ತಿಯಿಂದ, ಬಂದ ಸರಕಿನ ಸಹಿಮುದ್ರೆಯನ್ನೂ ಪರೀಕ್ಷಿಸತೊಡಗಿತು. ಈ ಪರೀಕ್ಷೆಯಿಲ್ಲದೆ ಸ್ವಯಂಚಾಲನೆಯನ್ನು ನಂಬುವುದು ದುಸ್ಸಾಹಸವಾಗುತ್ತಿತ್ತೆಂದೇ ನನ್ನ ಅಭಿಪ್ರಾಯ.

ಉಳಿದುದು ವೇಳೆಯ ಪ್ರಶ್ನೆ. ನಿಯತಕಾಲದಲ್ಲಿ ಕೆಲಸ ನಡೆಸುವ 'ಕ್ರಾನ್' 1970ರ ದಶಕದಿಂದಲೇ ಇದ್ದಿತಾದರೂ, ಅದು ಹಗಲಿರುಳೂ ಎಚ್ಚರವಿರುವ ಯಂತ್ರಕ್ಕೆ ಮಾತ್ರ ತಕ್ಕುದು. ಕರೆಂಟು ಹೋಗಿಯೋ, ಸಂಜೆ ಅಂಗಡಿ ಮುಚ್ಚುವಾಗಲೋ ಆರಿದ ಯಂತ್ರದಲ್ಲಿ ನಡುರಾತ್ರಿಯ ಕೆಲಸ ನಡೆಯದೆಯೇ ಹೋಗುತ್ತಿತ್ತು. ತಪ್ಪಿದುದನ್ನು ಯಂತ್ರ ಮರಳಿ ಚಾಲೂ ಆದ ಮೇಲೆ ಪೂರೈಸುವ 'ಅನಾಕ್ರಾನ್' ಬಂದುದು ಇಂಥ ಯಂತ್ರಗಳಿಗಾಗಿಯೇ. ಹಳ್ಳಿಯ ದೃಷ್ಟಿಯಿಂದ ನೋಡಿದರೆ ಇದಕ್ಕಿಂತ ಉಪಕಾರಿಯಾದ ಹೆಜ್ಜೆಯೊಂದು ಈ ಇತಿಹಾಸದಲ್ಲಿ ನನಗೆ ಕಾಣದು. ಇಂದಿನ ಸಿಸ್ಟಮ್‌ಡಿ ಎಂಬ ಸೇವಾನಿರ್ವಾಹಕದ ಗಡಿಯಾರವೂ ಆ ಗುಣವನ್ನು ಉಳಿಸಿಕೊಂಡಿರುವುದಲ್ಲದೆ, 6 ಮತ್ತು 18 ಗಂಟೆಗೆ ನಿಗದಿಯಾದ ತಂತ್ರಾಂಶಪಟ್ಟಿಯ ನವೀಕರಣವನ್ನು ಯಂತ್ರಕ್ಕೊಂದು ಗಳಿಗೆಯಂತೆ 12 ಗಂಟೆಗಳವರೆಗೂ ಚದುರಿಸಿ, ಎಲ್ಲವೂ ಏಕಕಾಲಕ್ಕೆ ತಂತ್ರಾಂಶದ ಭಂಡಾರಕ್ಕೆ ಮುಗಿಬೀಳದಂತೆ ನೋಡಿಕೊಳ್ಳುತ್ತದೆ.

ಡೆಬಿಯನ್, ಉಬುಂಟುಗಳಲ್ಲಿ 'ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್' ಎಂಬುದನ್ನು ಸ್ಥಾಪಿಸಿದ ಬಳಿಕ ಹೊಂದಿಸಲು ಎರಡು ಸಾಲು ಸಾಕು: ಪಟ್ಟಿಯನ್ನು ಹೊಸದುಮಾಡೆಂದು ಒಂದು, ಹೊಸ ಆವೃತ್ತಿಗಳನ್ನು ಅಳವಡಿಸೆಂದು ಇನ್ನೊಂದು. ಸಾಲಿನ ಕೊನೆಯ ಅಂಕೆ 1 ಆದರೆ ದಿನಕ್ಕೊಮ್ಮೆ, 7 ಆದರೆ ವಾರಕ್ಕೊಮ್ಮೆ, 0 ಆದರೆ ಬೇಡವೆಂದರ್ಥ. ತಾನಾಗಿಯೇ ಮರುಚಾಲನೆಗೊಳ್ಳುವ ಅಧಿಕಾರವನ್ನು ಮಾತ್ರ ಯಂತ್ರಕ್ಕೆ ಮೊದಲಿಂದಲೇ ಕೊಟ್ಟಿರುವುದಿಲ್ಲ. ವ್ಯವಸ್ಥೆಯ ತಿರುಳಾದ ಕರ್ನಲ್ ಹೊಸದು ಬಂದಾಗ, ಬರೆಯುತ್ತಿರುವ ಲೆಕ್ಕಪತ್ರ ಕೆಡದಂಥ ಹೊತ್ತನ್ನು ಯಂತ್ರದ ಒಡೆಯನೇ ಆರಿಸಿಕೊಳ್ಳಬೇಕು.