ಪದವಿಯ ಹೆಸರು, ವಿದ್ಯೆಯ ಬೆಲೆ

ಪ್ರತಿಷ್ಠಿತ ವಿಶ್ವವಿದ್ಯಾನಿಲಯದ ಪದವಿ ಪಡೆದವನಿಗೆ ಯಶಸ್ಸು ಸುಲಭವಾಗಿ ಒಲಿಯುವುದೇ? ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಇತಿಹಾಸದಲ್ಲಿ ಈ ಪ್ರಶ್ನೆಗೆ ವಿಚಾರಾರ್ಹವಾದ ಉತ್ತರವಿದೆ.

1948ರವರೆಗೆ ಈ ಪ್ರದೇಶವು ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು. ಮನೆಯ ಮಾತು ಕನ್ನಡ, ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಗೊಂಡ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉರ್ದುವನ್ನೇ ಬೋಧನ ಮಾಧ್ಯಮವಾಗಿ ಸ್ವೀಕರಿಸಿತು. ಸಂಸ್ಥಾನದ ನೌಕರಿಯನ್ನು ಬಯಸುವ ತರುಣನಿಗೆ ಅಲ್ಲಿನ ಪದವಿಗಿಂತ ದೊಡ್ಡ ಬಂಡವಾಳ ಬೇರೊಂದಿರಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನದ ಆಳ್ವಿಕೆ ಕೊನೆಗೊಂಡಿತು. ಬಳಿಕ ವಿಶ್ವವಿದ್ಯಾನಿಲಯದ ಮಾಧ್ಯಮವೂ ಇಂಗ್ಲಿಷಿಗೆ ತಿರುಗಿತು. 1956ರ ನವೆಂಬರ್ 1ರಂದು ಗುಲ್ಬರ್ಗಾ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಪದವಿಪತ್ರ ಅದೇ ಇತ್ತು; ಅದರ ಚಲಾವಣೆ ಮಾತ್ರ ಬದಲಾಗಿತ್ತು. ನಾಣ್ಯದ ಮೇಲಿನ ಮುದ್ರೆಯಂತೆ ಪದವಿಯ ಹೆಸರಿಗೂ ಬೆಲೆ ಕಟ್ಟುವುದು ಕಾಲವೇ. ಹೊಸ ಭಾಷೆ, ಹೊಸ ಕಾನೂನುಗಳನ್ನು ಕಲಿಯಬಲ್ಲ ಬುದ್ಧಿ ಮಾತ್ರ ಯಾವ ಆಡಳಿತದಲ್ಲಿಯೂ ಸವಕಲಾಗುವುದಿಲ್ಲ.

ನಂತರದ ತಲೆಮಾರಿನ ಇಬ್ಬರನ್ನು ಗಮನಿಸಬಹುದು. ಜೇವರ್ಗಿ ತಾಲ್ಲೂಕಿನ ನೆಲೋಗಿಯ ಧರ್ಮಸಿಂಗ್ ಅವರು ಉಸ್ಮಾನಿಯಾದಲ್ಲಿ ಓದಿ, 2004ರಲ್ಲಿ ಕರ್ನಾಟಕದ ಮುಖ್ಯಮಂತ್ರಿಗಳಾದರು. ಮಲ್ಲಿಕಾರ್ಜುನ ಖರ್ಗೆಯವರು ಗುಲ್ಬರ್ಗಾ ನಗರದಲ್ಲಿಯೇ ಕಾನೂನು ಕಲಿತು, 1972ರಲ್ಲಿ ಶಾಸಕರಾಗಿ, 2022ರಲ್ಲಿ ಕಾಂಗ್ರೆಸ್ ಪಕ್ಷದ ಅಧ್ಯಕ್ಷರಾದರು. ಎರಡು ಉದಾಹರಣೆಗಳಿಂದ ಸಿದ್ಧಾಂತ ಹುಟ್ಟದು. ಆದರೂ ದಾರಿ ಒಂದೇ ಅಲ್ಲವೆಂಬುದಕ್ಕೆ ಅವು ಸಾಕ್ಷಿ.

ಅಮೆರಿಕದ ಅರ್ಥಶಾಸ್ತ್ರಜ್ಞರಾದ ಡೇಲ್ ಮತ್ತು ಕ್ರೂಗರ್ 2002ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ಪೂರಕವಾಗಿದೆ. ಹೆಸರಾಂತ ಕಾಲೇಜಿನಲ್ಲಿ ಪ್ರವೇಶ ದೊರೆತರೂ ಬೇರೆಡೆ ಓದಿದವರ ಗಳಿಕೆಯು, ಅಲ್ಲಿಯೇ ಓದಿದವರ ಗಳಿಕೆಗಿಂತ ಸಾಮಾನ್ಯವಾಗಿ ಕಡಿಮೆಯಾಗಿರಲಿಲ್ಲ. ಆದರೆ ಬಡ ಮನೆಯ ಮಕ್ಕಳಿಗೆ ಅಂತಹ ಕಾಲೇಜಿನಿಂದ ನಿಜವಾದ ಲಾಭವಾಗಿತ್ತು. ಇದರ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಉಳ್ಳವರ ಮಗನಿಗೆ ಬಂಡವಾಳವೂ ಪರಿಚಯವೂ ಮನೆಯಲ್ಲಿಯೇ ದೊರೆಯುತ್ತವೆ. ಇಲ್ಲದವನಿಗೆ ಕಾಲೇಜಿನ ಹೆಸರೇ ಶಿಫಾರಸು.

ಇಂದು ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿಯೇ 2009ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಉನ್ನತ ಶಿಕ್ಷಣಕ್ಕಾಗಿ ಹೈದರಾಬಾದಿನ ದಾರಿ ಹಿಡಿಯಲೇಬೇಕಾದ ಕಾಲ ಕಳೆದಿದೆ. ಹೀಗಿರುವಾಗ ಹೆಸರಿನ ಮೋಹದಿಂದ ಹೊಲವನ್ನೋ ಅಂಗಡಿಯನ್ನೋ ಒತ್ತೆಯಿಟ್ಟು ಮಗನನ್ನು ದೂರಕ್ಕೆ ಕಳುಹಿಸುವ ತಂದೆಯು ಲಾಭ ನಷ್ಟಗಳನ್ನು ಇನ್ನೊಮ್ಮೆ ತೂಗಿ ನೋಡುವುದು ಒಳಿತು. ವಿದ್ಯಾರ್ಥಿವೇತನ ನೀಡುವ ಟ್ರಸ್ಟುಗಳಾದರೂ ಕಾಲೇಜಿನ ಕೀರ್ತಿಗಿಂತ ಮೊದಲು ಅರ್ಜಿದಾರನ ಮನೆಯ ಸ್ಥಿತಿಯನ್ನು ನೋಡಲಿ. ವಿದ್ಯಾದಾನದ ಒಂದು ರೂಪಾಯಿ ಹೆಚ್ಚು ಫಲ ಕೊಡುವುದು ಬೇರೆ ಆಸರೆಯಿಲ್ಲದವನ ಕೈಯಲ್ಲಿಯೇ.